ಉತ್ತಮ ಶೌಚ ಮತ್ತು ಗೋಡೆಯ ಬೂಷ್ಟು

ದಶಲಕ್ಷಣ ಪರ್ವದ ನಾಲ್ಕನೆಯ ದಿನ ಉತ್ತಮ ಶೌಚ ಧರ್ಮದ ಚಿಂತನೆಗೆ ಮೀಸಲಾದುದು. ಶೌಚವೆಂದರೆ ಸ್ನಾನ, ಮಡಿ, ಮನೆಯ ಸಾರಣೆ ಕಾರಣೆ ಎಂದಷ್ಟೇ ತಿಳಿಯುವವರು ಹಲವರು. ಆದರೆ ಪೂರ್ವಾಚಾರ್ಯರು ಶೌಚವನ್ನು ಲೋಭದ ಅಭಾವವೆಂದೇ ವಿವರಿಸಿದ್ದಾರೆ. ಹೊರಗಣ ಕೊಳೆಗೂ ಒಳಗಣ ಲೋಭಕ್ಕೂ ಏನು ಸಂಬಂಧವೆಂಬ ಶಂಕೆ ಪ್ರವಚನ ಕೇಳುವ ಶ್ರಾವಕರ ಮನಸ್ಸಿನಲ್ಲಿ ಏಳುವುದುಂಟು. ಮಧುಗಿರಿಯ ಗೃಹಸ್ಥರೊಬ್ಬರಿಗೆ 2022ರ ಭಾದ್ರಪದದಲ್ಲಿ ಈ ಶಂಕೆಗೆ ಸಮಾಧಾನ ದೊರೆತದ್ದು ಅವರ ಮನೆಯದೇ ಒಂದು ಗೋಡೆಯಿಂದ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಒಣಸೀಮೆಯವು. ಕರಾವಳಿಯಲ್ಲಿ ಬೀಳುವ ಮಳೆಯ ಐದರಲ್ಲಿ ಒಂದು ಪಾಲಿನಷ್ಟು ಇಲ್ಲಿ ಬಿದ್ದರೆ ಅದೇ ಸುಭಿಕ್ಷ. ಕಡಲೆಕಾಯಿ, ರಾಗಿ, ಹುರುಳಿ, ಹುಣಸೆಗಳನ್ನು ನಂಬಿದ ಈ ಸೀಮೆಯ ಜನರಿಗೆ ಬರದ ಅನುಭವ ಇರುವಷ್ಟು ತೇವದ ಅನುಭವವಿಲ್ಲ. ಗೋಡೆಗೆ ಬೂಷ್ಟು ಹಿಡಿಯುವುದು ಮಲೆನಾಡಿನವರ ಪಾಡು, ತುಳುನಾಡಿನವರ ಪಾಡು ಎಂಬುದೇ ಇಲ್ಲಿಯ ಸಾಮಾನ್ಯ ತಿಳಿವಳಿಕೆ. 2022ರ ಮಳೆಗಾಲ ಆ ತಿಳಿವಳಿಕೆಯನ್ನು ಅಲುಗಾಡಿಸಿತು. ಜಯಮಂಗಲಿ ನದಿ ಉಕ್ಕಿ ಹರಿಯಿತು. ವರ್ಷಗಳಿಂದ ಬತ್ತಿದ್ದ ಕೆರೆಗಳು ತುಂಬಿ ಕೋಡಿ ಬಿದ್ದವು. ನೀರನ್ನು ಕಂಡು ಜನ ಬಾಗಿನ ಅರ್ಪಿಸಿದರು. ಆ ನೀರು ತಮ್ಮ ಮನೆಯ ಗೋಡೆಯನ್ನೂ ಸೇರಿದೆಯೆಂಬ ಅರಿವು ಅನೇಕರಿಗೆ ಆಗಲಿಲ್ಲ.

ಈ ಗೃಹಸ್ಥರದು ಕಡಲೆಕಾಯಿ ಮತ್ತು ಬೇಳೆಕಾಳುಗಳ ವ್ಯಾಪಾರ. ಮನೆಯಿರುವುದು ಬೆಟ್ಟದ ತಪ್ಪಲಿನ ಹಳೆಯ ಪೇಟೆಯಲ್ಲಿ. ಮಲ್ಲಿನಾಥ ಸ್ವಾಮಿ ಬಸದಿಗೆ ನಿತ್ಯವೂ ನಡೆದೇ ಹೋಗಿ ಬರುವರು. ಕಲ್ಲು ಮಣ್ಣಿನ ದಪ್ಪ ಗೋಡೆಗಳು, ಮದ್ರಾಸ್ ತಾರಸಿ, ಸುಣ್ಣದ ಗಾರೆ. ಇವು ತಾತನ ಕಾಲದವು. ಗೋಡೆಗಳಿಗೆ ಸಿಮೆಂಟಿನ ಗಿಲಾವು ಮಾಡಿಸಿ ಎಣ್ಣೆ ಬಣ್ಣ ಬಳಿಸಿದ್ದು ಅವರದೇ ಕಾಲದಲ್ಲಿ. ಮನೆಯ ಪಕ್ಕಕ್ಕೆ ಎರಡು ಕೋಣೆಗಳ ಒಂದು ಭಾಗವಿದ್ದು, ಅದನ್ನು ಬಾಡಿಗೆಗೆ ಕೊಡುವ ವಾಡಿಕೆ. ಹಿಂದಿನ ಬಾಡಿಗೆದಾರರು ತೆರವು ಮಾಡಿದ ಬಳಿಕ ಅಲ್ಲಿ ಹನ್ನೆರಡು ಮೂಟೆ ಕಡಲೆಕಾಯಿಯನ್ನು ಒಟ್ಟಲಾಗಿತ್ತು. ಸ್ವಾಧ್ಯಾಯದ ಹಳೆಯ ಗ್ರಂಥಗಳಿದ್ದ ಮರದ ಬೀರುವೂ ಅಲ್ಲಿಯೇ ಗೋಡೆಗೆ ಒತ್ತಿ ನಿಂತಿತ್ತು. ಆ ಗೋಡೆಯ ಆಚೆ ಬದಿಯಲ್ಲಿ ಮನೆಯ ಬಚ್ಚಲು.

ಆ ಮಳೆಗಾಲದ ಆರಂಭದಿಂದಲೂ ಮನೆಯ ನಾಲ್ಕು ವರ್ಷದ ಮೊಮ್ಮಗಳಿಗೆ ಕೆಮ್ಮು ಬಿಟ್ಟಿರಲಿಲ್ಲ. ರಾತ್ರಿ ಉಬ್ಬಸ ಬರುತ್ತಿತ್ತು. ಮಗು ಹಗಲಿನಲ್ಲಿ ಆಡುತ್ತಿದ್ದುದು ಮೂಟೆಗಳ ಆ ಕೋಣೆಯಲ್ಲಿಯೇ. ಮನೆಯಲ್ಲಿ ಎಲ್ಲಿಯಾದರೂ ಥಂಡಿ ಇದೆಯೇ ಎಂದು ವೈದ್ಯರು ಕೇಳಿದಾಗ ಗೃಹಸ್ಥರು ನಕ್ಕು, "ಇದು ಒಣಗಿದ ಊರು ಡಾಕ್ಟ್ರೇ, ಥಂಡಿ ಎಲ್ಲಿಂದ ಬರಬೇಕು?" ಎಂದಿದ್ದರು. ಸೊಸೆ ಮಾತ್ರ ಒಂದೆರಡು ಬಾರಿ, "ಮಾವ, ಆ ಕೋಣೆಯಲ್ಲಿ ಮುಗ್ಗಲು ವಾಸನೆ ಬರುತ್ತದೆ" ಎಂದು ತಿಳಿಸಿದ್ದರು. ಹಳೆಯ ಗೋಣಿಚೀಲದ ವಾಸನೆಯೆಂದು ಆ ಮಾತನ್ನು ತಳ್ಳಿಹಾಕಲಾಯಿತು.

ಉತ್ತಮ ಶೌಚದ ದಿನ ಬೆಳಿಗ್ಗೆ ಪ್ರವಚನಕ್ಕೆ ಬೇಕಾದ ಗ್ರಂಥವೊಂದನ್ನು ತೆಗೆಯಲು ಅವರು ಬೀರುವಿನ ಬಾಗಿಲು ತೆರೆದರು. ಕೆಳಗಿನ ಅರೆಯ ಪುಸ್ತಕಗಳ ರಟ್ಟು ಒದ್ದೆಯಾಗಿ ಬೆರಳಿಗೆ ಅಂಟಿತು. ಮಗನನ್ನು ಕರೆದು ಬೀರುವನ್ನು ಮುಂದಕ್ಕೆ ಎಳೆಸಿದಾಗ, ನೆಲದಿಂದ ಮೂರು ಅಡಿ ಎತ್ತರದವರೆಗೆ ಗೋಡೆ ಕಪ್ಪು ಹಸಿರು ಬೂಷ್ಟಿನಿಂದ ಮುಚ್ಚಿಹೋಗಿತ್ತು. ಮೂಟೆಗಳ ಹಿಂದೆಯೂ ಅದೇ ಸ್ಥಿತಿ. ಗೋಡೆಯ ಕಾಣುವ ಭಾಗ ಮಾತ್ರ ಹೊಳೆಯುವ ಬಣ್ಣದಿಂದ ನಿರ್ಮಲವಾಗಿಯೇ ಇತ್ತು.

ಬೂಷ್ಟನ್ನು ಕೊಳೆಯೆಂದು ಭಾವಿಸುವುದು ಲೋಕರೂಢಿ. ಜೈನಾಗಮದ ದೃಷ್ಟಿ ಹಾಗಲ್ಲ. ವಟ್ಟಕೇರಾಚಾರ್ಯರ 'ಮೂಲಾಚಾರ'ವು ವನಸ್ಪತಿಕಾಯದ ಜೀವಗಳನ್ನು ಎಣಿಸುವಲ್ಲಿ ಪಾಚಿಯೊಡನೆ ಪಣಕ, ಕವಕ, ಕುಹಣಗಳನ್ನೂ ಹೇಳುತ್ತದೆ. ಒದ್ದೆ ಗೋಡೆಯ ಮೇಲೆ, ಹಳಸಿದ ಅನ್ನದ ಮೇಲೆ ಕಾಣುವ ಈ ಲೇಪಗಳಲ್ಲಿ ಜೀವವಿದೆಯೆಂದು ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿಯೇ ಆಚಾರ್ಯರು ಗುರುತಿಸಿದ್ದರು. ಆಧುನಿಕ ವಿಜ್ಞಾನವೂ ಬಹುಕಾಲ ಶಿಲೀಂಧ್ರಗಳನ್ನು ಸಸ್ಯಗಳ ಜೊತೆಗೇ ಎಣಿಸುತ್ತಿತ್ತು. 1969ರಲ್ಲಿ ಅಮೆರಿಕದ ವಿಟ್ಟೇಕರ್ ಎಂಬ ವಿಜ್ಞಾನಿ ಜೀವಲೋಕವನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿ, ಶಿಲೀಂಧ್ರಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟರು. ಅವುಗಳ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆಯೂ ಸದಾ ಇರುತ್ತವೆ. ಒಣ ಗೋಡೆಯ ಮೇಲೆ ಬಿದ್ದರೆ ಸುಮ್ಮನಿರುತ್ತವೆ. ಗೋಡೆ, ಮರ, ಕಾಗದ, ಬಟ್ಟೆ ಯಾವುದೇ ಆಗಲಿ ಒಂದೆರಡು ದಿನ ಒದ್ದೆಯಾಗಿಯೇ ಉಳಿದರೆ ಮೊಳೆಯತೊಡಗುತ್ತವೆ. ಅಂದರೆ ಬೂಷ್ಟನ್ನು ಮನೆಗೆ ಕರೆತರುವುದು ಬೀಜಕಣವಲ್ಲ, ನೀರು.

ಗೋಡೆಯನ್ನು ತೊಳೆಯಲು ಮಗ ಬಕೆಟ್ ತಂದಾಗ ಗೃಹಿಣಿ ತಡೆದರು. "ಪರ್ವದ ದಿನ ಹಸಿರು ತರಕಾರಿಯನ್ನೂ ಮುಟ್ಟದವರು ನಾವು. ಇಷ್ಟು ಜೀವಗಳನ್ನು ಹೇಗೆ ತಿಕ್ಕಿ ಹಾಕುವುದು?" ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಉಮಾಸ್ವಾಮಿಗಳ 'ತತ್ತ್ವಾರ್ಥಸೂತ್ರ'ವು ಹಿಂಸೆಯ ಲಕ್ಷಣದಲ್ಲಿ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಇರಿಸಿದೆ. ಆ ಮಾತನ್ನು ಈ ಗೋಡೆಗೆ ಅನ್ವಯಿಸಿದರೆ ಹಿಂಸೆ ಆರಂಭವಾದದ್ದು ಬಕೆಟ್ ತಂದ ದಿನವಲ್ಲ. ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗಲು ಬಿಟ್ಟ ದಿನ, ವಾಸನೆಯನ್ನು ಅಲಕ್ಷಿಸಿದ ದಿನ, ಬೀರುವಿನ ಹಿಂದೆ ವರ್ಷಗಟ್ಟಲೆ ಇಣುಕದ ದಿನ ಅದು ಆರಂಭವಾಗಿತ್ತು. ಪ್ರೋಷಧೋಪವಾಸದ ಅತಿಚಾರಗಳಲ್ಲಿ ನೋಡದೆ, ಗುಡಿಸದೆ ವಸ್ತುಗಳನ್ನು ಇಡುವುದೂ ತೆಗೆಯುವುದೂ ಸೇರಿವೆ. ನೋಡುವುದು ಶ್ರಾವಕನ ವ್ರತದ ಒಂದು ಅಂಗವೇ ಆಗಿದೆ.

ನೀರನ್ನು ನಿಲ್ಲಿಸಿ ಗೋಡೆಯನ್ನು ಒಣಗಿಸಿದರೂ ಆ ಜೀವಗಳು ಉಳಿಯುವುದಿಲ್ಲ. ಅದನ್ನು ಅಹಿಂಸೆಯೆಂದು ಹೇಳಿಕೊಂಡರೆ ಆತ್ಮವಂಚನೆಯಾದೀತು. ಗೃಹಸ್ಥನಿಗೆ ಆರಂಭೀ ಹಿಂಸೆ ಸಂಪೂರ್ಣ ತಪ್ಪದು. ಅದನ್ನು ಕಡಿಮೆ ಮಾಡುವ ಯತ್ನವೇ ಅವನ ಧರ್ಮ. ಇಂದು ಬಿಟ್ಟರೆ ನಾಳೆ ನೂರ್ಮಡಿಯಾಗುವ ಜೀವಗಳ ಹುಟ್ಟುಸಾವುಗಳಿಗೆ ಕಾರಣನಾಗುವುದಕ್ಕಿಂತ, ಮೂಲವನ್ನು ತಡೆದು, ಆದ ದೋಷಕ್ಕೆ ಪ್ರತಿಕ್ರಮಣ ಮಾಡುವುದು ಯುಕ್ತ. ಸಂಜೆ ಗೃಹಿಣಿಯೇ ಈ ನಿಶ್ಚಯಕ್ಕೆ ಬಂದು, "ಮೊದಲು ಬಚ್ಚಲು ರಿಪೇರಿಯಾಗಲಿ, ಗೋಡೆ ಆಮೇಲೆ" ಎಂದರು. ಮನೆಯ ಹಿರಿಯರಿಗಿಂತ ಮೊದಲು ಸರಿಯಾದ ಕ್ರಮವನ್ನು ಹೇಳಿದವರು ಅವರು.

ಅಹಿಂಸೆಯ ಪ್ರಶ್ನೆ ಹೀಗೆ ಬಗೆಹರಿದರೂ ಲೋಭದ ಪ್ರಶ್ನೆ ಉಳಿದಿತ್ತು. ಆ ಎರಡು ಕೋಣೆಗಳನ್ನು ಮರುತಿಂಗಳು ಶಾಲಾ ಶಿಕ್ಷಕರೊಬ್ಬರಿಗೆ ಕೊಡುವುದೆಂದು ಮಾತಾಗಿತ್ತು. ಬಾಡಿಗೆ ತಿಂಗಳಿಗೆ 6000 ರೂಪಾಯಿ. ಅವರಿಗೆ ಆರು ತಿಂಗಳ ಕೂಸು. ಬಣ್ಣದ ಮೇಸ್ತ್ರಿ ಬಂದು ನೋಡಿ, "ಇದಕ್ಕೆಲ್ಲ ಯಾಕೆ ಯೋಚನೆ ಯಜಮಾನ್ರೇ? ಉಜ್ಜಿ, ಒಂದು ಕೋಟು ಪ್ರೈಮರು, ಎರಡು ಕೋಟು ಬಣ್ಣ ಹೊಡೆದರೆ ಎರಡು ವರ್ಷ ಯಾರಿಗೂ ಕಾಣೋದಿಲ್ಲ" ಎಂದ. ಗೃಹಸ್ಥರು ಸೋಮವಾರ ಬಾ ಎಂದು ಹೇಳಿ ಕಳುಹಿಸಿದರು. ಐವತ್ತು ವರ್ಷ ತಕ್ಕಡಿ ಹಿಡಿದ ಕೈ ಅದು. ತೂಕದಲ್ಲಿ ಗುಲಗಂಜಿಯಷ್ಟೂ ಮೋಸ ಮಾಡದ ಹೆಸರು ಪೇಟೆಯಲ್ಲಿತ್ತು. ಬಣ್ಣ ಹೊಡೆಸುವುದು ಮೋಸವೆಂದು ಆ ಕ್ಷಣ ಅವರಿಗೆ ತೋರಲಿಲ್ಲ.

ಮರುದಿನ ಉತ್ತಮ ಸತ್ಯ. ಬಸದಿಯಲ್ಲಿ ಅಣುವ್ರತಗಳ ಅತಿಚಾರಗಳ ವಾಚನವಾಯಿತು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕಡೆಯದು ಪ್ರತಿರೂಪಕ ವ್ಯವಹಾರ. ಒಂದನ್ನು ಮತ್ತೊಂದರಂತೆ ತೋರಿಸಿ ಕೊಡುವುದು. ತುಪ್ಪದಲ್ಲಿ ಕೊಬ್ಬು ಬೆರೆಸುವುದು, ಒಳ್ಳೆಯ ಕಾಳಿನಲ್ಲಿ ಹುಳುಕು ಕಾಳು ಸೇರಿಸುವುದು ಮುಂತಾದ ಉದಾಹರಣೆಗಳನ್ನು ಅವರು ಎಷ್ಟೋ ವರ್ಷಗಳಿಂದ ಕೇಳಿದ್ದರು. ಅಂದು ಅವರಿಗೆ ಹೊಳೆದ ಉದಾಹರಣೆ ಬೇರೆ. ಒದ್ದೆ ಗೋಡೆಯನ್ನು ಒಣ ಗೋಡೆಯೆಂದು ತೋರಿಸಿ ಬಾಡಿಗೆ ಪಡೆಯುವುದೂ ಪ್ರತಿರೂಪಕವೇ. ತಕ್ಕಡಿಯಲ್ಲಿ ತೂಗದ ಕಾರಣ ಅದು ವ್ಯಾಪಾರವಲ್ಲವೆಂದು ಮನಸ್ಸು ನಟಿಸಿತ್ತು, ಅಷ್ಟೆ.

ಈ ವಂಚನೆಯ ಫಲ ಎಷ್ಟು ಘೋರವಾಗಬಹುದೆಂಬುದಕ್ಕೆ ಹೊರದೇಶದ ಒಂದು ದೃಷ್ಟಾಂತ ಸಾಕು. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ಬಾಡಿಗೆ ಮನೆಯೊಂದರ ಗೋಡೆಗಳಿಗೆ ಬೂಷ್ಟು ಹಿಡಿದಿತ್ತು. 2017ರಲ್ಲಿ ತಂದೆ ದೂರು ಹೇಳಿದಾಗ ಅದರ ಮೇಲೆ ಬಣ್ಣ ಬಳಿಯಿರಿ ಎಂಬ ಉತ್ತರ ದೊರೆಯಿತು. ಆ ಮನೆಯಲ್ಲಿ ಬೆಳೆದ ಅವಾಬ್ ಎಂಬ ಕೂಸು 2020ರ ಡಿಸೆಂಬರಿನಲ್ಲಿ, ಎರಡು ವರ್ಷ ತುಂಬಿದ ಕೆಲವೇ ದಿನಗಳಲ್ಲಿ, ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ಮನೆಯ ಬೂಷ್ಟಿನ ದೀರ್ಘ ಸಂಪರ್ಕವೇ ಸಾವಿಗೆ ಕಾರಣವೆಂದು 2022ರ ನವೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ನಿರ್ಣಯಿಸಿದರು. 2023ರಲ್ಲಿ ಆ ದೇಶ ಇದಕ್ಕಾಗಿ ಕಾನೂನು ಮಾಡಿತು. ಅದನ್ನು ಆ ಮಗುವಿನ ಹೆಸರಿನಿಂದಲೇ ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯೂ 2009ರಲ್ಲಿಯೇ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಮಾರ್ಗಸೂಚಿ ಹೊರಡಿಸಿ, ಇವುಗಳಿಂದ ಕೆಮ್ಮು, ಉಬ್ಬಸ, ಉಸಿರಾಟದ ಸೋಂಕುಗಳು ಹೆಚ್ಚುವುದನ್ನು ತಿಳಿಸಿದೆ.

ಗೃಹಸ್ಥರು ಬಣ್ಣದ ಮೇಸ್ತ್ರಿಗೆ ಬರಬೇಡವೆಂದು ಹೇಳಿಕಳುಹಿಸಿ, ಶಿಕ್ಷಕರನ್ನು ಕರೆಸಿ ಗೋಡೆಯನ್ನು ತೋರಿಸಿದರು. ಬೇಸಿಗೆ ಕಳೆಯುವವರೆಗೆ ಕೊಡಲಾಗದೆಂದು ತಿಳಿಸಿ ಮುಂಗಡವನ್ನು ಹಿಂದಿರುಗಿಸಿದರು. "ಯಜಮಾನರೇ, ನೀವು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ" ಎಂದರು ಶಿಕ್ಷಕರು. "ನಿಮಗೆ ಗೊತ್ತಾಗುತ್ತಿರಲಿಲ್ಲ, ಅದಕ್ಕೇ ಹೇಳಬೇಕಾಯಿತು ಮೇಷ್ಟ್ರೇ" ಎಂದು ಇವರು ಉತ್ತರ ಕೊಟ್ಟರು.

ಹನ್ನೆರಡು ಮೂಟೆ ಕಡಲೆಕಾಯಿಯ ವಿಚಾರ ಇನ್ನೂ ಕಠಿಣವಾಗಿತ್ತು. 2021ರ ನವೆಂಬರಿನ ಅಕಾಲ ಮಳೆಯಲ್ಲಿ ಕಿತ್ತ ಕಾಯಿ ಅದು. ಚೆನ್ನಾಗಿ ಒಣಗದೆಯೇ ಮೂಟೆ ಸೇರಿತ್ತು. ಬಿತ್ತನೆಯ ಕಾಲಕ್ಕೆ ಬೆಲೆ ಏರಬಹುದೆಂದು ಇಟ್ಟಿದ್ದರು. ಏರಿದ ಮೇಲೆ ಇನ್ನಷ್ಟು ಏರಲೆಂದು ಕಾದರು. ಸಿಪ್ಪೆ ಹೊರಗಿನಿಂದ ಸ್ವಲ್ಪ ಮಾಸಿತ್ತಷ್ಟೆ. ಒಡೆದು ನೋಡಿದರೆ ಅನೇಕ ಬೀಜಗಳ ಮೇಲೆ ಹಳದಿ ಹಸಿರು ಪುಡಿ. ಕಡಲೆಕಾಯಿಗೆ ಹಿಡಿಯುವ ಒಂದು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿಯನ್ನು ತಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಈ ವಿಷದ ಪತ್ತೆಯಾಯಿತು. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತಿನ ಬೇನೆಯಿಂದ ಮಡಿದರು. ಹುರಿದರೂ ಬೇಯಿಸಿದರೂ ಈ ವಿಷ ಪೂರ್ತಿ ಹೋಗದು. ಹಿಂಡಿಯಾಗಿ ಹಸುವಿಗೆ ಹಾಕಿದರೆ ಹಾಲಿಗೆ ಬರುತ್ತದೆ.

ಒಣಸೀಮೆಯವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಕಾಯಿ ಕಟ್ಟುವ ಕಡೆಯ ವಾರಗಳಲ್ಲಿ ಮಳೆ ಕೈಕೊಟ್ಟರೆ ಬಾಡಿದ ಗಿಡದ ಕಾಯಿಗೆ ನೆಲದೊಳಗೆಯೇ ಈ ಬೂಷ್ಟು ತಗಲುತ್ತದೆ. ಹೀಗಾಗಿ ಪಾವಗಡ, ಶಿರಾ, ಮಧುಗಿರಿಗಳಲ್ಲಿ ಬರವೂ ಬೂಷ್ಟಿಗೆ ಕಾರಣ, ಕೊಯ್ಲಿನ ಹೊತ್ತಿನ ಮಳೆಯೂ ಕಾರಣ. ಕಾಯಿಯನ್ನು ಅಲುಗಿಸಿದರೆ ಬೀಜ ಗಲಗಲ ಸದ್ದು ಮಾಡುವಷ್ಟು ಒಣಗಿಸುವುದು, ಒಡೆದ ಕಾಯಿ, ಮುರುಟಿದ ಕಾಯಿಗಳನ್ನು ಆರಿಸಿ ತೆಗೆಯುವುದು, ಮೂಟೆಗಳನ್ನು ಮರದ ಹಲಗೆಗಳ ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ ಒಟ್ಟುವುದು ಹಿರಿಯರು ತಿಳಿದಿದ್ದ ಕ್ರಮ. ಗಾಣಕ್ಕೆ ಕೊಡಿ, ಎಣ್ಣೆಯಾದ ಮೇಲೆ ಯಾರು ಕೇಳುತ್ತಾರೆ ಎಂದು ಪೇಟೆಯ ಕೆಲವರು ಸಲಹೆ ಕೊಟ್ಟರು. ಗೃಹಸ್ಥರು ಆ ಮೂಟೆಗಳನ್ನು ತಮ್ಮ ಹೊಲದಲ್ಲಿ ಗುಂಡಿ ತೆಗೆಸಿ ಮುಚ್ಚಿಸಿದರು. ಲೆಕ್ಕದ ಪುಸ್ತಕದಲ್ಲಿ ಅದನ್ನು ನಷ್ಟವೆಂದೇ ಬರೆದರು.

ಬಳಿಕ ಗೋಡೆಯ ಚಿಕಿತ್ಸೆ ಆರಂಭವಾಯಿತು. ನೀರಿನ ಮೂಲವನ್ನು ಅರಿಯಲು ಗಾರೆ ಮೇಸ್ತ್ರಿ ಒಂದು ಸುಲಭ ಉಪಾಯ ಮಾಡಿದನು. ಗೋಡೆ ಒರೆಸಿ, ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚುಗಳಿಗೂ ಟೇಪು ಹಚ್ಚಿ ಎರಡು ದಿನ ಬಿಟ್ಟನು. ಹಾಳೆಯ ಒಳಬದಿಯಲ್ಲಿ ಹನಿಗಟ್ಟಿದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಹೊರಬದಿಯಲ್ಲಿ ಹನಿಗಟ್ಟಿದರೆ ಕೋಣೆಯ ಗಾಳಿಯ ತೇವ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ. ಇಲ್ಲಿ ಹನಿ ಒಳಗಿತ್ತು. ಬಚ್ಚಲ ಮೂಲೆಯ ಕಲ್ಲುಸಂದಿನ ಗಾರೆ ಕಿತ್ತುಹೋಗಿ, ಸ್ನಾನದ ನೀರು ವರ್ಷಗಳಿಂದ ಗೋಡೆಯ ಬುಡ ಸೇರುತ್ತಿತ್ತು. ತಾರಸಿಯ ಮಳೆನೀರಿನ ಕೊಳವೆಯೂ ಅದೇ ಮೂಲೆಗೆ ಸುರಿಯುತ್ತಿತ್ತು. ಹಳೆಯ ಸುಣ್ಣದ ಗಾರೆ ಹೀರಿದ ನೀರನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಮಣ್ಣಿನ ಗೋಡೆಯ ಮೇಲೆ ಸಿಮೆಂಟು, ಅದರ ಮೇಲೆ ಎಣ್ಣೆ ಬಣ್ಣ ಬಳಿದರೆ ನೀರಿಗೆ ಹೊರಹೋಗುವ ದಾರಿ ಮುಚ್ಚಿ, ಅದು ಒಳಗೊಳಗೇ ಮೇಲಕ್ಕೆ ಏರುತ್ತದೆ.

ಬಚ್ಚಲನ್ನೂ ಕೊಳವೆಯನ್ನೂ ಮೊದಲು ಸರಿಪಡಿಸಲಾಯಿತು. ಮಗುವನ್ನು ಕೋಣೆಯಿಂದ ದೂರವಿರಿಸಿ, ಮೂಗುಬಾಯಿಗೆ ಮುಖಗವಸು, ಕೈಗೆ ರಬ್ಬರ್ ಗವಸು ತೊಟ್ಟು, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬೂಷ್ಟನ್ನು ಒರೆಸಿ ತೆಗೆದರು. ಒಣ ಪೊರಕೆಯಿಂದ ಗುಡಿಸಿದರೆ ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಬ್ಲೀಚಿಂಗ್ ದ್ರಾವಣ ಸುರಿದು ಕೊಂದರೆ ಸಾಕೆಂಬ ನಂಬಿಕೆಯೂ ಸರಿಯಲ್ಲ. ಸತ್ತ ಬೂಷ್ಟೂ ಉಬ್ಬಸದವರಿಗೆ ಬಾಧೆ ಕೊಡುತ್ತದೆ. ಅದರೊಡನೆ ಬಚ್ಚಲು ತೊಳೆಯುವ ಆಸಿಡ್ ಬೆರೆತರೆ ವಿಷಾನಿಲವೇಳುತ್ತದೆ. ಅನಂತರ ಸಿಮೆಂಟಿನ ಗಿಲಾವನ್ನು ನಾಲ್ಕು ಅಡಿ ಎತ್ತರದವರೆಗೆ ಕೆತ್ತಿಸಿ, ಬಾಗಿಲು ಕಿಟಕಿ ತೆರೆದು, ಬೇಸಿಗೆ ಮುಗಿಯುವವರೆಗೆ ಗೋಡೆಯನ್ನು ಹಾಗೆಯೇ ಬಿಟ್ಟರು. 2023ರ ಮೇ ತಿಂಗಳಲ್ಲಿ ಸುಣ್ಣದ ಗಾರೆ ಮಾಡಿಸಿ ಸುಣ್ಣವನ್ನೇ ಬಳಿಸಿದರು. ಎಂಟು ತಿಂಗಳ ಬಾಡಿಗೆ, 48000 ರೂಪಾಯಿ, ಕೈತಪ್ಪಿತು. ಮೊಮ್ಮಗಳ ಕೆಮ್ಮು ಬಹಳ ಮಟ್ಟಿಗೆ ಇಳಿಯಿತು. ತೇವವೊಂದೇ ಕಾರಣವೆಂದು ವೈದ್ಯರು ಹೇಳಲಿಲ್ಲ. ಆ ಕೋಣೆಗೆ ಮಗುವನ್ನು ಬಿಡದಿದ್ದುದು ಒಳ್ಳೆಯದಾಯಿತೆಂದಷ್ಟೇ ಹೇಳಿದರು.

ಇಷ್ಟೆಲ್ಲ ಹಾನಿಯನ್ನು ತಪ್ಪಿಸುವ ಒಂದು ಸಂಪ್ರದಾಯ ಸಮಾಜದಲ್ಲಿ ಮೊದಲಿನಿಂದಲೂ ಇದೆ. ಜ್ಯೇಷ್ಠ ಶುಕ್ಲ ಪಂಚಮಿ ಶ್ರುತಪಂಚಮಿ. ಧರಸೇನಾಚಾರ್ಯರಿಂದ ಕಲಿತು ಪುಷ್ಪದಂತ ಭೂತಬಲಿಗಳು ರಚಿಸಿದ ಷಟ್ಖಂಡಾಗಮದ ಸ್ಮರಣೆಗಾಗಿ ಅಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಗಾಳಿಯಾಡಿಸಿ, ಹೊಸ ಬಟ್ಟೆಯಲ್ಲಿ ಕಟ್ಟಿ ಪೂಜಿಸುವ ರೂಢಿಯಿದೆ. ಮಳೆಗಾಲ ಕಾಲಿಡುವ ಹೊಸ್ತಿಲಿನಲ್ಲಿ ಈ ಪರ್ವ ಬರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮೂಡಬಿದಿರೆಯಲ್ಲಿ ಧವಲಾ ಗ್ರಂಥದ ತಾಡವಾಲೆ ಪ್ರತಿಗಳು ಶತಮಾನಗಳ ಕಾಲ ಉಳಿದು, 1939ರಿಂದ 1958ರವರೆಗೆ 16 ಸಂಪುಟಗಳಲ್ಲಿ ಅಚ್ಚಾಗಿ ಹೊರಬಂದವು. ಗರಿಗಳನ್ನು ತೆರೆದು ನೋಡುವುದು, ಮಜ್ಜಿಗೆಹುಲ್ಲಿನ ಎಣ್ಣೆ ಸವರುವುದು, ಒಣಬಟ್ಟೆಯಲ್ಲಿ ಕಟ್ಟುವುದು ಮುಂತಾದ ಉಪಚಾರವಿಲ್ಲದೆ ತಾಡವಾಲೆ ಅಂತಹ ಹವೆಯಲ್ಲಿ ಬಾಳುವುದಿಲ್ಲ. ಒಣಸೀಮೆಯ ಬೀರುವಿನಲ್ಲಿ ಮುಚ್ಚಿಟ್ಟ ಪುಸ್ತಕಗಳು ಅದಕ್ಕಿಂತ ಬೇಗ ಹಾಳಾದವೆಂದರೆ ದೋಷ ಮಳೆಯದಲ್ಲ. ಆಹಾರದಲ್ಲಿಯೂ ಇದೇ ವಿವೇಕವಿದೆ. ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ ಎಂಬ ಮರ್ಯಾದೆಯನ್ನು ಇಟ್ಟವರು ತೇವದ ಸ್ವಭಾವವನ್ನು ಬಲ್ಲವರಾಗಿದ್ದರು.

ಬಸದಿಗಳ ಆಡಳಿತ ಮಂಡಳಿಗಳೂ ಈ ದಿಕ್ಕಿನಲ್ಲಿ ಗಮನ ಹರಿಸುವುದು ಅವಶ್ಯ. ಅಭಿಷೇಕದ ನೀರು ಹೋಗುವ ದಾರಿ ಕಟ್ಟಿಕೊಂಡಿದೆಯೇ, ತಾರಸಿಯ ನೀರು ಗೋಡೆಗೆ ಇಳಿಯುತ್ತಿದೆಯೇ, ಹಳೆಯ ಕಲ್ಲುಗೋಡೆಗೆ ಹೊಳಪಿನ ಬಣ್ಣವನ್ನೋ ಟೈಲ್ಸನ್ನೋ ಹೊದಿಸಿ ಅದರ ಉಸಿರು ಕಟ್ಟಿಸಿದೆಯೇ, ಗ್ರಂಥಭಂಡಾರದ ಬೀರುಗಳು ಗೋಡೆಗೆ ತಾಗಿವೆಯೇ, ದಾಸೋಹದ ಅಕ್ಕಿ ಬೇಳೆ ನೆಲದ ಮೇಲಿವೆಯೇ ಎಂಬುದನ್ನು ವರ್ಷಕ್ಕೆ ಎರಡು ಬಾರಿ, ಶ್ರುತಪಂಚಮಿಗೆ ಮುಂಚೆ ಮತ್ತು ದೀಪಾವಳಿಯ ಬಳಿಕ, ಪರಿಶೀಲಿಸಿದರೆ ಜೀರ್ಣೋದ್ಧಾರದ ಖರ್ಚು ಎಷ್ಟೋ ಉಳಿಯುತ್ತದೆ. ದಾನಿಗಳ ಹೆಸರಿನ ಫಲಕ ಹಾಕಿ ಬಣ್ಣ ಹೊಡೆಸುವುದು ಸುಲಭ. ಬಚ್ಚಲ ಮೋರಿ ರಿಪೇರಿಗೆ ಯಾರೂ ಫಲಕ ಕೇಳುವುದಿಲ್ಲ. ಆದರೆ ಪುಣ್ಯದ ಕೆಲಸ ಯಾವುದೆಂಬುದು ಸ್ಪಷ್ಟವಾಗಿದೆ.

2023ರ ಶ್ರುತಪಂಚಮಿಯಂದು ಆ ಮನೆಯ ಗ್ರಂಥಗಳು ಅಂಗಳದ ಬಿಸಿಲು ಬಿದ್ದ ಗಾಳಿಯಲ್ಲಿ ಹರಡಿದ್ದವು. ನಾಲ್ಕು ಪುಸ್ತಕಗಳು ಹಾಳಾಗಿದ್ದವು. ಉಳಿದವನ್ನು ಹೊಸ ಬಟ್ಟೆಯಲ್ಲಿ ಕಟ್ಟಿ ಬೀರುವಿಗೆ ಸೇರಿಸಲಾಯಿತು. ಬೀರು ಈಗ ಗೋಡೆಯಿಂದ ಒಂದು ಗೇಣು ಮುಂದೆ ನಿಂತಿದೆ. ಜೂನ್ ತಿಂಗಳಲ್ಲಿ ಅದೇ ಶಿಕ್ಷಕರು ಮತ್ತೆ ಬಂದು ಮನೆ ಕೇಳಿದರು. ಗೃಹಸ್ಥರು ಅವರನ್ನು ಕೋಣೆಗೆ ಕರೆದೊಯ್ದು ಮೊದಲು ಗೋಡೆಯನ್ನು ಮುಟ್ಟಿ ನೋಡಲು ಹೇಳಿದರು, ಅನಂತರ ಬಾಡಿಗೆಯ ಮಾತಾಡಿದರು.